ನನ್ನ ವಿಷಯ ಬಿಟ್ಟು ಉಳಿದಿದ್ದೆಲ್ಲ ಸರಿ

ಭಾನುವಾರ ಸಂಜೆ ನಮ್ಮ ಮನೆ ಹಾಲ್‌ನಲ್ಲಿ ಕೋರ್ಟು ಸೇರುತ್ತದೆ. ಆರೋಪಿಗಳು ಟಿವಿಯಲ್ಲಿ ಹಳೆ ವಸ್ತುಗಳಿಗೆ ಬೆಲೆ ಕಟ್ಟುವ ಪರಿಣಿತರು, ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಟೈ ಕಟ್ಟಿಕೊಂಡು, ಯಾವುದೋ ಬಂಗಲೆಯ ಹುಲ್ಲುಹಾಸಿನ ಮೇಲೆ ನಿಂತು, ಯಾರದೋ ಅಜ್ಜಿಯ ಟೀ ಪಾತ್ರೆಯನ್ನು ತಲೆಕೆಳಗು ಮಾಡಿ ನೋಡುತ್ತಿರುತ್ತಾರೆ. ತಮ್ಮ ಮೇಲೆ ಬೆಂಗಳೂರಿನಲ್ಲಿ ಕೇಸು ನಡೆಯುತ್ತಿದೆ ಅನ್ನೋದು ಪಾಪ ಅವರಿಗೆ ಗೊತ್ತಿಲ್ಲ.

ನ್ಯಾಯಾಧೀಶರು ಮೂವರು. ಒಬ್ಬರು ನಾಣ್ಯದ ರಾಯರು. ಬ್ಯಾಂಕಿನಲ್ಲಿದ್ದವರು. ಮೂವತ್ತೈದು ವರ್ಷ ಬೇರೆಯವರ ದುಡ್ಡು ಎಣಿಸಿ, ಈಗ ಚಲಾವಣೆಯಲ್ಲಿ ಇಲ್ಲದ ದುಡ್ಡನ್ನು ಎಣಿಸುತ್ತಾರೆ. ಇನ್ನೊಬ್ಬ ಗಡಿಯಾರದ ಗೆಳೆಯ. ಅವನ ಹತ್ತಿರ ನಲವತ್ತು ಹಳೆ ಎಚ್‌ಎಂಟಿಗಳಿವೆ, ಆದರೂ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಮೂರನೆಯವರು ಪಿಂಗಾಣಿ ಮೇಡಂ. ಇವರು ನಮ್ಮ ಮನೆಯ ಕಾಫಿ ಲೋಟವನ್ನೂ ಮೊದಲು ತಿರುಗಿಸಿ ತಳ ನೋಡಿಯೇ ಕುಡಿಯುವುದು. ಒಮ್ಮೆ ಹಾಗೆ ನೋಡುವಾಗ ಲೋಟದಲ್ಲಿ ಕಾಫಿ ಇತ್ತು. ಸೋಫಾದ ಮೇಲಿನ ಆ ಕಲೆಯ ಇತಿಹಾಸ ಅಷ್ಟೇ.

ನಾನು ಕೋರ್ಟಿನ ಜವಾನ. ಕಾಫಿ ಸರಬರಾಜು ನನ್ನದು. ನನ್ನ ಹತ್ತಿರ ಸಂಗ್ರಹ ಅಂತ ಏನೂ ಇಲ್ಲ, ಕರೆಂಟ್ ಬಿಲ್ಲುಗಳನ್ನು ಬಿಟ್ಟರೆ.

ಬಿಬಿಸಿಯವರು 1979ರಲ್ಲಿ ಶುರು ಮಾಡಿದ ‘ಆಂಟಿಕ್ಸ್ ರೋಡ್‌ಶೋ’ ಇವತ್ತಿಗೂ ಓಡುತ್ತಿದೆ. ಅಮೆರಿಕದ ಪಿಬಿಎಸ್ ಚಾನೆಲ್‌ನಲ್ಲಿ ಅದೇ ಹೆಸರಿನ ಅಲ್ಲಿನ ಕಾರ್ಯಕ್ರಮ 1997ರಲ್ಲಿ ಬಂತು. ಎರಡರ ಕತೆಯೂ ಒಂದೇ. ಜನ ಅಟ್ಟದ ಮೇಲಿನ ಸಾಮಾನು ಹೊತ್ತು ತಂದು ಸಾಲಿನಲ್ಲಿ ನಿಲ್ಲುತ್ತಾರೆ. ಪರಿಣಿತ ಅದನ್ನು ತಟ್ಟಿ, ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ ಇತಿಹಾಸ ಹೇಳುತ್ತಾನೆ. ಇತಿಹಾಸ ಯಾರಿಗೆ ಬೇಕು? ಎಲ್ಲರೂ ಕಾಯುವುದು ಕೊನೆಯಲ್ಲಿ ಬರುವ ಬೆಲೆಗೆ. ಬೆಲೆ ಕೇಳಿದ ಕೂಡಲೇ ಮಾಲೀಕರು ‘ಅಯ್ಯೋ ದೇವರೇ’ ಅನ್ನಬೇಕು. ಆಮೇಲೆ ‘ಇಲ್ಲ ಇಲ್ಲ, ಮಾರಲ್ಲ, ಮನೆಯಲ್ಲೇ ಇಟ್ಕೋತೀವಿ’ ಅನ್ನಬೇಕು. ಈ ಎರಡನೇ ಮಾತು ಹೇಳುವಾಗ ಕಣ್ಣು ಮಾತ್ರ ಆಗಲೇ ಹೊಸ ಕಾರಿನ ಶೋರೂಮಿನಲ್ಲಿರುತ್ತದೆ.

ನಮ್ಮ ಕೋರ್ಟಿನ ಕಲಾಪ ಹೀಗೆ. ಪರದೆಯ ಮೇಲೆ ಒಬ್ಬ ಪರಿಣಿತ ಹಳೆಯ ಚಿನ್ನದ ನಾಣ್ಯ ಎತ್ತಿಕೊಂಡ. ರಾಯರು ಕುರ್ಚಿಯಿಂದ ಎದ್ದರು. “ಮುಖದ ಮೇಲೆ ಹೆಬ್ಬೆಟ್ಟು ಇಡ್ತಾನಲ್ರೀ! ನಾಣ್ಯನ ಅಂಚಿನಲ್ಲಿ ಹಿಡೀಬೇಕು. ಅದೇನು ರೇಷನ್ ಅಂಗಡಿ ಮೆಷಿನ್ನಾ, ಹೆಬ್ಬೆಟ್ಟು ಒತ್ತೋಕೆ?” ತೀರ್ಪು ಬಂತು. ಇಡೀ ಕಾರ್ಯಕ್ರಮವೇ ಬೋಗಸ್.

ಐದು ನಿಮಿಷ ಕಳೆಯಿತು. ಇನ್ನೊಬ್ಬ ಪರಿಣಿತ ಒಂದು ಮೇಜಿನ ಕಾಲು ಸವರುತ್ತಾ ಮರ, ಬಡಗಿ, ಊರು, ಕಾಲ ಎಲ್ಲ ಹೇಳತೊಡಗಿದ. ರಾಯರ ಮುಖ ಅರಳಿತು. “ಎಷ್ಟು ತಿಳ್ಕೊಂಡಿದಾನೆ ನೋಡಿ. ಇಂಥವರು ಈಗ ಎಲ್ಲಿ ಸಿಗ್ತಾರೆ?”

“ರಾಯರೇ, ಬೋಗಸ್ ಅಂದ್ರಲ್ಲ?”

“ಅದು ನಾಣ್ಯದವನು. ಇವನು ಮೇಜಿನವನು. ಮೇಜಿನ ವಿಷಯದಲ್ಲಿ ಇವರು ಗಟ್ಟಿ.”

ಮೇಜಿನ ಬಗ್ಗೆ ರಾಯರಿಗೆ ಗೊತ್ತಿರುವುದು ಅದಕ್ಕೆ ನಾಲ್ಕು ಕಾಲು ಅನ್ನೋದು ಮಾತ್ರ. ಆದರೆ ಗಡಿಯಾರದವನದೂ ಇದೇ ಕತೆ. ಗಡಿಯಾರದ ಪರಿಣಿತ ಮೂರ್ಖ, ನಾಣ್ಯದ ಪರಿಣಿತ ಮಹಾಜ್ಞಾನಿ. ಮೇಡಂ ಪ್ರಕಾರ ಪಿಂಗಾಣಿಯವರನ್ನು ಬಿಟ್ಟು ಉಳಿದವರೆಲ್ಲ ಪಂಡಿತರು. ಹಾಗಾಗಿ ನಮ್ಮ ಕೋರ್ಟಿನಲ್ಲಿ ಪ್ರತಿ ಆರೋಪಿಯೂ ಎರಡಕ್ಕೆ ಒಂದು ಮತದಿಂದ ಬಿಡುಗಡೆ ಆಗುತ್ತಾನೆ. ಇಷ್ಟು ವರ್ಷದಲ್ಲಿ ಒಬ್ಬನಿಗೂ ಶಿಕ್ಷೆ ಆಗಿಲ್ಲ.

ಪರಿಣಿತರು ನಿಜವಾಗಿಯೂ ತಪ್ಪಿದ ಕೇಸು ಇಲ್ಲ ಅಂತಲ್ಲ. ಹೂಜಿಯ ಕೇಸು ಇದೆ. 2016ರ ಜನವರಿಯಲ್ಲಿ ಅಮೆರಿಕದ ರೋಡ್‌ಶೋನಲ್ಲಿ ಬಂತು. ಆರು ವಿಕಾರ ಮುಖಗಳಿರುವ ಒಂದು ಮಣ್ಣಿನ ಹೂಜಿ. ಒರೆಗಾನ್ ರಾಜ್ಯದಲ್ಲಿ ಒಬ್ಬರು 300 ಡಾಲರ್ ಕೊಟ್ಟು ತಂದಿದ್ದು. ಕೊಳ್ಳುವಾಗ ಅದಕ್ಕೆ ಮಣ್ಣು, ಹುಲ್ಲು, ಕೋಳಿ ಪಿಕ್ಕೆ ಎಲ್ಲ ಮೆತ್ತಿತ್ತಂತೆ. ಪರಿಣಿತರು ನೋಡಿದರು. ಮೈಮರೆತರು. ಹತ್ತೊಂಬತ್ತನೇ ಶತಮಾನದ ಕೊನೆಯದೋ ಇಪ್ಪತ್ತರ ಶುರುವಿನದೋ ಇರಬೇಕು ಅಂದರು. ಪಿಕಾಸೋನ ಹೆಸರನ್ನೂ ತಂದರು. ಬೆಲೆ 30ರಿಂದ 50 ಸಾವಿರ ಡಾಲರ್.

ಕಾರ್ಯಕ್ರಮ ನೋಡಿದ ಒಬ್ಬ ಹೆಂಗಸಿಗೆ ಆ ಮುಖಗಳು ಎಲ್ಲೋ ನೋಡಿದ ಹಾಗೆ ಅನ್ನಿಸಿತು. ಗೆಳತಿಯೊಬ್ಬಳ ಕೈಕೆಲಸದ ಹಾಗೆ. ಆ ಗೆಳತಿ 1970ರ ದಶಕದಲ್ಲಿ ಹೈಸ್ಕೂಲಿನ ಮಣ್ಣಿನ ಕೆಲಸದ ಕ್ಲಾಸಿನಲ್ಲಿ ಮಾಡಿದ್ದ ಹೂಜಿ ಅದು! ಪಿಕಾಸೋ ಎಲ್ಲಿ, ಎಸ್‌ಎಸ್‌ಎಲ್‌ಸಿ ಹುಡುಗಿಯ ಕ್ರಾಫ್ಟ್ ಪೀರಿಯಡ್ ಎಲ್ಲಿ. ಪರಿಣಿತರು ತಪ್ಪೊಪ್ಪಿಕೊಂಡು ಬೆಲೆ ಇಳಿಸಿದರು. ಎಷ್ಟಕ್ಕೆ ಗೊತ್ತಾ? 3ರಿಂದ 5 ಸಾವಿರ ಡಾಲರ್‌ಗೆ. ನನಗೆ ಇಲ್ಲೇ ಹೊಟ್ಟೆ ಉರಿಯುವುದು. ನಾನೂ ಏಳನೇ ಕ್ಲಾಸಿನಲ್ಲಿ ಜೇಡಿಮಣ್ಣಿನ ಗಣಪತಿ ಮಾಡಿದ್ದೆ. ಮೇಷ್ಟ್ರು ಅದನ್ನು ಇಲಿ ಅಂತ ತಿಳಿದು ‘ಗಣಪತಿ ಎಲ್ಲಿ?’ ಅಂತ ಕೇಳಿದ್ದರು.

ಈ ಸುದ್ದಿ ಬಂದ ಮೇಲೆ ಮೇಡಂ ಅಂದರು, “ನಾನು ಅವತ್ತೇ ಹೇಳಿದ್ದೆ, ಆ ಹೊಳಪು ಹಳೇದಲ್ಲ ಅಂತ.” ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅವತ್ತು ಅವರು ಹೇಳಿದ್ದು, “ಐವತ್ತು ಸಾವಿರ ಕಡಿಮೆ ಆಯ್ತು, ಪಾಪ ಅವರಿಗೆ ಮೋಸ” ಅಂತ. ಸಂಗ್ರಾಹಕರ ಹತ್ತಿರ ಎಲ್ಲ ಹಳೆಯ ವಸ್ತುಗಳೂ ಇರುತ್ತವೆ, ತಮ್ಮ ಹಳೆಯ ಅಭಿಪ್ರಾಯ ಒಂದನ್ನು ಬಿಟ್ಟು.

ಜಾಸ್ತಿ ಹೇಳಿದ್ದು ತಪ್ಪು, ಸರಿ. ಕಡಿಮೆ ಹೇಳಿದರೆ? 2004ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಒಬ್ಬರು ಪಟೆಕ್ ಫಿಲಿಪ್ ಅನ್ನೋ ಸ್ವಿಸ್ ಕಂಪನಿಯ 1914ರ ಜೇಬುಗಡಿಯಾರ ತಂದರು. ಪರಿಣಿತ ಎರಡೂವರೆ ಲಕ್ಷ ಡಾಲರ್ ಅಂದ. ಎರಡು ವರ್ಷದ ಮೇಲೆ ಹರಾಜಿನಲ್ಲಿ ಅದು 15 ಲಕ್ಷ ಡಾಲರ್ ದಾಟಿತು. ನಮ್ಮ ಗೆಳೆಯ ಇವತ್ತಿಗೂ ಆ ಪರಿಣಿತನನ್ನು ಕ್ಷಮಿಸಿಲ್ಲ. “ಆರು ಪಟ್ಟು ಕಡಿಮೆ ಹೇಳಿದ ಮಾರಾಯ! ನಾನಾಗಿದ್ರೆ ಕರೆಕ್ಟಾಗಿ ಹೇಳ್ತಿದ್ದೆ.” ಇವನು ಕಳೆದ ತಿಂಗಳು ತನ್ನ ಸ್ಕೂಟರನ್ನೇ ಗುಜರಿಯವನು ಹೇಳಿದ ಬೆಲೆಗೆ ಕೊಟ್ಟು ಬಂದವನು.

ಇಲ್ಲಿ ಪರಿಣಿತರ ಪರವಾಗಿ ಒಂದು ಮಾತು. ಅಮೆರಿಕದ ಕಾರ್ಯಕ್ರಮದಲ್ಲಿ ಅವರಿಗೆ ಸಂಬಳ ಇಲ್ಲ. ಬಸ್ಸು, ವಿಮಾನದ ಖರ್ಚೂ ಅವರದೇ. ಹಾಗಾದರೆ ಯಾಕೆ ಬರುತ್ತಾರೆ ಅಂತ ಕೇಳಬೇಡಿ. ಮದುವೆ ಮನೆಯಲ್ಲಿ ಪುಕ್ಕಟೆ ಹಾಡುವವರು ಯಾಕೆ ಬರುತ್ತಾರೋ ಅದಕ್ಕೇ. ಟಿವಿಯಲ್ಲಿ ಕಂಡ ಮುಖಕ್ಕೆ ಅಂಗಡಿಯಲ್ಲಿ ಗಿರಾಕಿ ಜಾಸ್ತಿ. ಬೆಲೆ ಹೇಳುವುದರಲ್ಲೂ ಅವರು ಜಾಣರು. ಹರಾಜಿನಲ್ಲಾದರೆ ಇಷ್ಟು, ಅಂಗಡಿಯಲ್ಲಾದರೆ ಅಷ್ಟು, ವಿಮೆಗಾದರೆ ಮತ್ತಷ್ಟು ಅನ್ನುತ್ತಾರೆ. ಅದರಲ್ಲೂ ‘ಇಷ್ಟರಿಂದ ಇಷ್ಟು’. ಪಂಚಾಂಗದಲ್ಲಿ ‘ಅಲ್ಲಲ್ಲಿ ಮಳೆ’ ಅಂತ ಬರೆದ ಹಾಗೆ. ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ.

ಅವರಿಗೆ ಬಾಯಿಗೆ ಬರದ ಮಾತು ಒಂದೇ, ‘ಗೊತ್ತಿಲ್ಲ’. ಕ್ಯಾಮೆರಾ ಎದುರಿಗೆ ಇದ್ದಾಗ ಆ ಮಾತು ಹೇಳಿದರೆ ಎಪಿಸೋಡೇ ಇಲ್ಲ. ಅದಕ್ಕೇ 2016ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಬಿಬಿಸಿಯ ಗಾಜಿನ ಪರಿಣಿತರೊಬ್ಬರಿಗೆ ಆ ಗತಿ ಬಂತು. ಯಾರೋ ಒಂದು ಹಳೆಯ ಮುಚ್ಚಿದ ಬಾಟಲಿ ತಂದಿದ್ದರು. ಮನೆಯ ಹೊಸ್ತಿಲ ಕೆಳಗೆ ಹೂತಿದ್ದದ್ದು. ಒಳಗೆ ಕಂದು ಬಣ್ಣದ ನೀರು. ಪರಿಣಿತರು ನಾಲಿಗೆಗೆ ಹಚ್ಚಿಕೊಂಡು ನೋಡಿದರು. ಪೋರ್ಟ್ ಅನ್ನೋ ಸಿಹಿ ವೈನ್ ಇರಬೇಕು, ಇಲ್ಲಾ ಕೆಂಪು ವೈನ್, ಅದೂ ಅಲ್ಲದಿದ್ದರೆ ತುಕ್ಕು ಹಿಡಿದ ಮೊಳೆ ಅಂದರು. ಬಾಟಲಿ ವಿಶ್ವವಿದ್ಯಾಲಯದ ಲ್ಯಾಬಿಗೆ ಹೋಯಿತು. 2019ರಲ್ಲಿ ಅದೇ ಕಾರ್ಯಕ್ರಮದಲ್ಲಿ ಫಲಿತಾಂಶ ಹೇಳಿದರು. 1840ರ ದಶಕದ ಬಾಟಲಿ. ಒಳಗೆ ಹಿತ್ತಾಳೆ ಸೂಜಿಗಳು, ಒಂದು ಕೂದಲು, ಮತ್ತು ಮೂತ್ರ. ಮಾಟಮಂತ್ರ ತಾಗದಿರಲಿ ಅಂತ ಆಗಿನವರು ಹೊಸ್ತಿಲಲ್ಲಿ ಹೂಳುತ್ತಿದ್ದ ಬಾಟಲಿ ಅದು.

ಹೊಸ್ತಿಲ ಕೆಳಗೆ ಸಿಕ್ಕಿದ್ದನ್ನು ಮುಟ್ಟಬೇಡ ಅಂತ ನಮ್ಮ ಕಡೆ ಯಾವ ಅಜ್ಜಿಯಾದರೂ ಹೇಳುತ್ತಿದ್ದಳು. ಕುಡಿಯಬೇಡ ಅಂತ ಬಿಡಿಸಿ ಹೇಳಬೇಕಾದೀತು ಅಂತ ಯಾವ ಅಜ್ಜಿಗೂ ಹೊಳೆದಿರಲಿಕ್ಕಿಲ್ಲ. ಆದರೂ ನನಗೆ ಆ ಮನುಷ್ಯರ ಮೇಲೆ ಗೌರವ. ವಿಷಯ ಹೊರಬಂದಾಗ ಅವರೂ ಅಲ್ಲೇ ಇದ್ದರು, ಓಡಿ ಹೋಗಲಿಲ್ಲ. ತೀರ್ಪು ಕೊಡುವ ನಮ್ಮ ಮೂವರಲ್ಲಿ ಯಾರೂ ತಮ್ಮ ಮಾತಿಗೆ ನಾಲಿಗೆ ಒಡ್ಡಿದ್ದು ನಾನು ನೋಡಿಲ್ಲ.

ನಿಜವಾಗಿ ಕೋರ್ಟು ಕಂಡ ಕೇಸು ಮಾತ್ರ ಬೇರೆ, ಅದರಲ್ಲಿ ನಗು ಕಡಿಮೆ. ಅಮೆರಿಕದ ಕಾರ್ಯಕ್ರಮದ ಶುರುವಿನ ದಿನಗಳಲ್ಲಿ ಯುದ್ಧಸಾಮಗ್ರಿಯ ಇಬ್ಬರು ಪರಿಣಿತರಿದ್ದರು. ಅವರ ಮುಂದೆ ಒಬ್ಬ ಅಂತರ್ಯುದ್ಧ ಕಾಲದ ಕತ್ತಿ ತಂದ. ಚಿಕ್ಕವನಿದ್ದಾಗ ಇದರಲ್ಲಿ ಕಲ್ಲಂಗಡಿ ಹೆಚ್ಚುತ್ತಿದ್ದೆ ಅಂದ. ಇವರು 35 ಸಾವಿರ ಡಾಲರ್ ಅಂದರು. ನೋಡಿದವರಿಗೆಲ್ಲ ಪುಳಕ. ಕತ್ತಿ ತಂದವನು ಅವರದೇ ಗೆಳೆಯ, ಕಲ್ಲಂಗಡಿಯ ಕತೆ ಮೊದಲೇ ಬರೆದುಕೊಂಡಿದ್ದು ಅಂತ ಆಮೇಲೆ ಗೊತ್ತಾಯಿತು. 2000ದಲ್ಲಿ ಕಾರ್ಯಕ್ರಮದವರು ಇಬ್ಬರನ್ನೂ ಹೊರಗಟ್ಟಿದರು. ಟಿವಿಯಲ್ಲಿ ಬಂದ ಹೆಸರು ತೋರಿಸಿ, ಸೇನಾನಿಗಳ ಮನೆತನದವರಿಂದ ಅಗ್ಗಕ್ಕೆ ವಸ್ತು ಕೊಂಡು ಬೇರೆ ಕಡೆ ಹತ್ತು ಪಟ್ಟಿಗೆ ಮಾರಿದ ಕತೆಯೂ ಹೊರಬಂತು. ಅವರಲ್ಲೊಬ್ಬನಿಗೆ 2002ರಲ್ಲಿ ಒಂದು ವರ್ಷ ಜೈಲಾಯಿತು. ಗಮನಿಸಿ, ಅವರಿಗೆ ಕತ್ತಿಯ ಬಗ್ಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆ ಆಗಿದ್ದು.

ಇದನ್ನು ಹೇಳಿದಾಗ ರಾಯರು ತಲೆಯಾಡಿಸಿ “ಛೆ ಛೆ” ಅಂದರು. ನಾನು ಸುಮ್ನೆ ಅವರ ನಾಣ್ಯದ ಪೆಟ್ಟಿಗೆಯ ಮೂಲೆಯ ಕಡೆ ನೋಡಿದೆ. ಅಲ್ಲೊಂದು ನಾಣ್ಯ ಮಗುಚಿ ಮಲಗಿದೆ. ಒಂದು ಕಡೆ ಹನುಮಂತ, ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ, 1818, ಒಂದಾಣೆ’. ಕಂಪನಿ ಸರ್ಕಾರ ಅಂಥ ನಾಣ್ಯ ಯಾವತ್ತೂ ಹೊರಡಿಸಿಲ್ಲ. ಈಚಿನವರು ಯಾರೋ ಅಚ್ಚು ಹಾಕಿ ಮಾರುವ ಬಿಲ್ಲೆ ಅದು. ಅಕ್ಕಿ ಕಾಳು ಸೆಳೆಯುತ್ತದೆ ಅಂತ ಹೇಳಿ ಲಕ್ಷಗಟ್ಟಲೆ ಪೀಕುವವರೂ ಇಂಥದ್ದನ್ನೇ ತೋರಿಸುವುದು. ರಾಯರು ಅದಕ್ಕೆ ಎಷ್ಟು ಕೊಟ್ಟರು ಅನ್ನೋದು ಅವರಿಗೂ, ಅವರ ಮನೆಯವರಿಗೆ ಗೊತ್ತಿಲ್ಲದ ಪಾಸ್‌ಬುಕ್ಕಿಗೂ ಮಾತ್ರ ಗೊತ್ತು. ಹಳೆ ನಾಣ್ಯದ ಹೆಸರಿನಲ್ಲಿ ಮೋಸ ಹೋಗಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಾಗ, ಅದನ್ನು ಎಲ್ಲರಿಗೂ ಮೊದಲು ಕಳಿಸಿದವರೂ ಇವರೇ.

ಗಡಿಯಾರದವನ ಮೊದಲ ಎಚ್‌ಎಂಟಿ ಪೈಲಟ್‌ನದು ಗಿಳಿಹಸಿರು ಡಯಲ್. ಕಾರ್ಖಾನೆಯವರು ಕನಸಿನಲ್ಲೂ ಬಳಿಯದ ಬಣ್ಣ. ಮುಂಬೈಯಲ್ಲಿ ಹಳೆ ಗಡಿಯಾರಕ್ಕೆ ಹೊಸ ಬಣ್ಣ ಹೊಡೆದು ಮಾರುವ ಕಸುಬೇ ಇದೆ. ಅವನು ಅದನ್ನು ‘ಅಪರೂಪದ ಮಾದರಿ’ ಅಂತ ಈಗಲೂ ಕರೆಯುತ್ತಾನೆ. ಅಪರೂಪ ಅನ್ನೋದು ನಿಜ.

ಕಳೆದ ತಿಂಗಳು ನಮ್ಮ ಅಮ್ಮ ಊರಿಂದ ಬಂದಿದ್ದರು. ಬರುವಾಗ ಅಟ್ಟದ ಮೇಲಿದ್ದ ಒಂದು ಪಿಂಗಾಣಿ ಭರಣಿ ತಂದಿದ್ದರು. ಮೇಲೆ ಕಂದು, ಕೆಳಗೆ ಬಿಳಿ. ಬಟ್ಟೆ ಕಟ್ಟಿತ್ತು. ಭಾನುವಾರದ ಕೋರ್ಟಿಗೆ ನಮ್ಮ ಮನೆಯಲ್ಲೇ ಸಾಕ್ಷ್ಯ ಸಿಕ್ಕಿಬಿಟ್ಟಿತು. ಮೇಡಂ ತಳ ಸವರಿದರು, ಕಣ್ಣು ಮುಚ್ಚಿದರು. “ನೂರು ವರ್ಷಕ್ಕೆ ಕಡಿಮೆ ಇಲ್ಲ. ಹಡಗಿನಲ್ಲಿ ಬಂದಿದ್ದು. ಬಹುಶಃ ಇಂಗ್ಲೆಂಡಿಂದು.” ರಾಯರು ಮತ್ತು ಗಡಿಯಾರದವನು ಗೌರವದಿಂದ ತಲೆಯಾಡಿಸಿದರು. ಪಿಂಗಾಣಿ ಅವರ ವಿಷಯ ಅಲ್ಲವಲ್ಲ. ಒಳಗೆ ತಳದಲ್ಲಿ ಏನೋ ಕಪ್ಪಗೆ ಇತ್ತು. ಅದೇನು ಅನ್ನೋದರ ಮೇಲೆ ಚರ್ಚೆ ಎದ್ದಿತು. ಎಣ್ಣೆ ಅಂದರು, ಔಷಧಿ ಅಂದರು. ಕಾರ್ನ್‌ವಾಲ್ ಎಲ್ಲರ ನೆನಪಿನಲ್ಲಿ ಇದ್ದಿದ್ದರಿಂದ ಯಾರೂ ಬೆರಳು ಹಾಕಲಿಲ್ಲ.

ಅಮ್ಮ ಅಡುಗೆ ಮನೆಯಿಂದ ಬಂದು ಚಮಚ ಅದ್ದಿ ನಾಲಿಗೆಗೆ ಇಟ್ಟುಕೊಂಡರು.

“ಮಿಡಿ ಉಪ್ಪಿನಕಾಯಿ ರಸ. ನಿನ್ನ ತಂಗಿ ಮದುವೆ ಆದ ವರ್ಷದ್ದು. ಆ ಸಲ ಸಾಸಿವೆ ಜಾಸ್ತಿ ಆಗಿತ್ತು.”

“ಭರಣಿ ಎಲ್ಲಿಂದಮ್ಮಾ?” ಮೇಡಂ ಕೇಳಿದರು.

“ಸಾಗರದ ಮಾರಿ ಜಾತ್ರೆಲಿ ತಗೊಂಡಿದ್ದು. ಇಪ್ಪತ್ತೈದು ಅಂದ, ಹದಿನೆಂಟಕ್ಕೆ ಕೊಟ್ಟ.”

ಅಮ್ಮ ಭರಣಿ ಎತ್ತಿಕೊಂಡು ಒಳಗೆ ಹೋದರು. ಹಾಲ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಡಂ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ ಹೇಳಿದರು.

“ನಿಮ್ಮಮ್ಮ ಉಪ್ಪಿನಕಾಯಿ ವಿಷಯದಲ್ಲಿ ಎತ್ತಿದ ಕೈ, ಒಪ್ಪಿದೆ. ಆದ್ರೆ ಪಿಂಗಾಣಿ ಬಗ್ಗೆ ಅವರಿಗೆ ಅಷ್ಟು ಗೊತ್ತಾಗಲ್ಲ, ಅಲ್ವಾ?”