ಸ್ಪಷ್ಟನೆ: ನಿವೃತ್ತ ಸಭಾಪಾಲಕರ ಸಂಸಾರ ಗುಟ್ಟಿನದಲ್ಲ

ನಿವೃತ್ತ ಪಾದ್ರಿಯೊಬ್ಬರು ಹೆಂಡತಿ, ಮಕ್ಕಳು, ಮೊಮ್ಮಕ್ಕಳ ಜೊತೆ ಕೂತ ಫೋಟೊ ಹಾಕಿ, ‘ಬ್ರಹ್ಮಚರ್ಯ ವ್ರತ ಮುರಿದವರು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸುಳ್ಳು. ಅವರು ಪ್ರೊಟೆಸ್ಟಂಟ್ ಸಭಾಪಾಲಕರು. ಅವರಿಗೆ ಅಂಥ ವ್ರತವೇ ಇಲ್ಲ. ಆ ಕಟ್ಟುಪಾಡು ಇರುವುದು ರೋಮನ್ ಕಥೋಲಿಕ ಗುರುಗಳಿಗೆ (ಅಲ್ಲೂ ಕೆಲವು ಪೌರಸ್ತ್ಯ ಪಂಗಡಗಳಲ್ಲಿ ವಿವಾಹಿತರಿಗೆ ಗುರುದೀಕ್ಷೆ ಉಂಟು). ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಅವರೇ 1525ರಲ್ಲಿ ಕ್ಯಾಥರೀನಾ ಫಾನ್ ಬೋರಾ ಅವರನ್ನು ಮದುವೆಯಾದರು, ಆರು ಮಕ್ಕಳಾದರು.

‘ನಿವೃತ್ತರಾದ ಮೇಲೆ ರೆವರೆಂಡ್ ಎನ್ನುವಂತಿಲ್ಲ’ ಎಂಬುದೂ ತಪ್ಪು. ನಿವೃತ್ತಿಯಿಂದ ಇಳಿಯುವುದು ಸಭೆಯ (ಅಂದರೆ ಚರ್ಚಿನ) ಹೊಣೆ, ಪಾದ್ರಿಯಾಗಿ ಪಡೆದ ದೀಕ್ಷೆಯಲ್ಲ.

ವರ್ಗವಾದಾಗಲೆಲ್ಲ ಮಕ್ಕಳ ಶಾಲೆ ಬದಲಿಸಿ, ಅಪರಾತ್ರಿ ಬಾಗಿಲು ಬಡಿದವರನ್ನೂ ಒಳಗೆ ಕರೆದು ಕೂರಿಸಿ, ಕೊನೆಗೆ ಸಭೆಯ ಮನೆಯನ್ನೂ ಖಾಲಿ ಮಾಡಿದ ಕುಟುಂಬಗಳಿವು. ಅವರಿಗೆ ಕಳಂಕ ಹಚ್ಚುವುದು ಅನ್ಯಾಯ. ದಯವಿಟ್ಟು ಆ ಸಂದೇಶವನ್ನು ಅಳಿಸಿ, ಕಳಿಸಿದವರಿಗೂ ತಿಳಿಸಿ.