ಮೊದಲ ಪಂಕ್ತಿಯ ಹಸಿವು

ಲೋಕದ ಸವಲತ್ತುಗಳನ್ನೆಲ್ಲ ಅನುಭವಿಸಿ ಮುಗಿಸಿದವರಿಗೆ ಕೊನೆಗೂ ದಕ್ಕದೆ ಉಳಿಯುವುದು ಅನ್ಯಾಯಕ್ಕೊಳಗಾದವರೆಂಬ ಗೌರವವೊಂದೇ. ಭೂಮಿ, ಬಂಗಲೆ, ಈಜುಕೊಳ ಎಲ್ಲವೂ ಇದ್ದು, ನಮ್ಮನ್ನು ಕಂಡು ‘ಅಯ್ಯೋ ಪಾಪ’ ಎನ್ನಲು ನಾಲ್ಕು ಜನರಿಲ್ಲದಿದ್ದರೆ ಆ ಬದುಕಿಗೆ ಏನು ಅರ್ಥ? ಈ ಘೋರ ಕೊರತೆಯನ್ನು ಗುರುತಿಸಿ ಸರ್ಕಾರಿ ವೆಚ್ಚದಲ್ಲೇ ಪರಿಹಾರ ಒದಗಿಸಿದ ಕೀರ್ತಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಗೆ ಸಲ್ಲಬೇಕು.

2025ರ ಜನವರಿ 20ರಂದು ಅಧಿಕಾರ ವಹಿಸಿಕೊಂಡ ದಿನವೇ ಅವರು ನಿರಾಶ್ರಿತರಿಗೆ ಬಾಗಿಲು ತೆರೆಯುವ ಯೋಜನೆಯನ್ನು ಸ್ಥಗಿತಗೊಳಿಸಿದರು. ವರ್ಷಗಟ್ಟಲೆ ತಪಾಸಣೆಗೆ ಒಳಗಾಗಿ, ಪ್ರಯಾಣದ ದಿನವೂ ನಿಗದಿಯಾಗಿದ್ದ ಆಫ್ಘನ್ನರು, ಕಾಂಗೋದವರು ಇದ್ದಲ್ಲಿಯೇ ಉಳಿದರು. ಮೂರು ವಾರ ತುಂಬುವ ಮೊದಲೇ, ಫೆಬ್ರುವರಿ 7ರಂದು, ಇನ್ನೊಂದು ಆದೇಶ ಹೊರಬಿತ್ತು. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಸಮುದಾಯ, ಎಂದರೆ ಮುಖ್ಯವಾಗಿ ಡಚ್ ವಲಸಿಗರ ವಂಶದ ಬಿಳಿಯರು, ಜನಾಂಗೀಯ ತಾರತಮ್ಯಕ್ಕೆ ಬಲಿಯಾಗುತ್ತಿರುವುದರಿಂದ ಅವರಿಗೆ ಆಶ್ರಯ ನೀಡಬೇಕೆಂಬುದು ಅದರ ಸಾರ. ಮೇ 12ರಂದು 59 ಮಂದಿಯ ಮೊದಲ ತಂಡ ಬಾಡಿಗೆ ವಿಮಾನದಲ್ಲಿ ವಾಷಿಂಗ್ಟನ್ ಬಳಿಯ ನಿಲ್ದಾಣದಲ್ಲಿ ಇಳಿದಾಗ ಅವರ ಕೈಯಲ್ಲಿ ಪುಟ್ಟ ಅಮೆರಿಕನ್ ಧ್ವಜಗಳಿದ್ದವು. ಸ್ವಾಗತಿಸಲು ಬಂದಿದ್ದ ವಿದೇಶಾಂಗ ಇಲಾಖೆಯ ಉಪಕಾರ್ಯದರ್ಶಿ ಕ್ರಿಸ್ಟಫರ್ ಲ್ಯಾಂಡೌ, ಬೀಜ ಒಳ್ಳೆಯದಾದರೆ ಪರದೇಶದ ಮಣ್ಣಿನಲ್ಲೂ ಅರಳುತ್ತದೆ ಎಂಬರ್ಥದ ಮಾತನ್ನಾಡಿದರು. (ಮನುಷ್ಯರ ಬೀಜದ ಗುಣಮಟ್ಟದ ಬಗ್ಗೆ ಮಾತಾಡಿದ ಅಧಿಕಾರಿಗಳು ಇತಿಹಾಸದಲ್ಲಿ ಹಿಂದೆಯೂ ಇದ್ದರು, ಅವರು ಹೇಳುತ್ತಿದ್ದುದು ಬೇಸಾಯದ ವಿಷಯವಾಗಿರಲಿಲ್ಲ.)

ಈ ನಿರಾಶ್ರಿತರ ಸಂಕಟವನ್ನು ಸರಿಯಾಗಿ ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1913ರ ಭೂಕಾಯ್ದೆ ದೇಶದ ಬಹುಸಂಖ್ಯಾತ ಕಪ್ಪುಜನರಿಗೆ ಶೇ. 7ರಷ್ಟು ನೆಲವನ್ನು ಬಿಟ್ಟುಕೊಟ್ಟು, ಉಳಿದೆಡೆ ಅವರು ಜಮೀನು ಕೊಳ್ಳದಂತೆ ನಿಷೇಧಿಸಿತು. 1936ರಲ್ಲಿ ಔದಾರ್ಯ ಉಕ್ಕಿ ಅದನ್ನು ಶೇ. 13ರವರೆಗೆ ಹಿಗ್ಗಿಸಲಾಯಿತು. 1948ರಲ್ಲಿ ಆಫ್ರಿಕಾನರ್‌ಗಳ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದ ಮೇಲೆ ವರ್ಣಭೇದವೇ ರಾಜನೀತಿಯಾಯಿತು. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯನ್ನು 1966ರಲ್ಲಿ ಬಿಳಿಯರ ಪ್ರದೇಶವೆಂದು ಘೋಷಿಸಿ, ಸುಮಾರು 60,000 ಜನರನ್ನು ಒಕ್ಕಲೆಬ್ಬಿಸಿ, ಮನೆಗಳನ್ನು ನೆಲಸಮ ಮಾಡಿದರು. ಆಗ ಅವರನ್ನು ಕರೆದೊಯ್ಯಲು ಯಾವ ವಿಮಾನವೂ ಬರಲಿಲ್ಲ. 1994ರಲ್ಲಿ ಎಲ್ಲರಿಗೂ ಮತ ಬಂತು, ಜಮೀನು ಮಾತ್ರ ಬಹುಪಾಲು ಇದ್ದವರ ಬಳಿಯೇ ಉಳಿಯಿತು. 2017ರ ಸರ್ಕಾರಿ ಲೆಕ್ಕದಂತೆ, ವ್ಯಕ್ತಿಗಳ ಒಡೆತನದಲ್ಲಿರುವ ಕೃಷಿಭೂಮಿಯಲ್ಲಿ ಶೇ. 72ರಷ್ಟು, ಜನಸಂಖ್ಯೆಯ ಶೇ. 7ರ ಆಸುಪಾಸಿನಲ್ಲಿರುವ ಬಿಳಿಯರದು. ಉಳಿದ ಶೇ. 28 ಪರರ ಪಾಲಾಗಿರುವುದನ್ನು ದಿನಬೆಳಗಾದರೆ ಕಣ್ಣಾರೆ ಕಂಡು ಸಹಿಸುವುದು ಸಾಮಾನ್ಯ ಯಾತನೆಯಲ್ಲ.

ಇಷ್ಟರ ಮೇಲೆ 2025ರ ಜನವರಿಯಲ್ಲಿ ಅಧ್ಯಕ್ಷ ಸಿರಿಲ್ ರಾಮಫೋಸಾ ಭೂಸ್ವಾಧೀನದ ಹೊಸ ಕಾಯ್ದೆಗೆ ಸಹಿ ಹಾಕಿದರು. ಕೆಲವು ಸಂದರ್ಭಗಳಲ್ಲಿ, ನ್ಯಾಯಸಮ್ಮತವೆನಿಸಿದರೆ, ಪರಿಹಾರವಿಲ್ಲದೆಯೂ ಜಮೀನು ಪಡೆಯಬಹುದೆಂದು ಅದು ಹೇಳುತ್ತದೆ. ಪಡೆಯಬಹುದು ಎಂದಷ್ಟೇ, ಇನ್ನೂ ಯಾರ ಹೊಲದ ಬೇಲಿಯನ್ನೂ ಯಾರೂ ಕಿತ್ತಿರಲಿಲ್ಲ. ಆದರೆ ಮೊದಲ ಪಂಕ್ತಿಯಲ್ಲೇ ಕುಳಿತು ಹೋಳಿಗೆ ಉಂಡು ಕೈ ತೊಳೆದವರಿಗೆ, ಎರಡನೆಯ ಪಂಕ್ತಿಗೆ ಎಲೆ ಹಾಸುವ ಸದ್ದು ಕೇಳಿದೊಡನೆ ಹಸಿವಾಗತೊಡಗುವುದು ಜಗತ್ತಿನ ಎಲ್ಲ ಕಡೆಯೂ ಕಂಡುಬರುವ ಕಾಯಿಲೆ.

ಮೇ 21ರಂದು ರಾಮಫೋಸಾ ಶ್ವೇತಭವನಕ್ಕೆ ಬಂದಾಗ ಅವರ ದೇಶದಲ್ಲಿ ಬಿಳಿಯ ರೈತರ ನರಮೇಧ ನಡೆಯುತ್ತಿದೆಯೆಂದು ಸಾಧಿಸಲು ದೀಪಗಳನ್ನು ಮಂದಗೊಳಿಸಿ ವಿಡಿಯೊ ತೋರಿಸಲಾಯಿತು. ರಸ್ತೆಯ ಇಕ್ಕೆಲಗಳಲ್ಲಿ ಕಾಣುವ ಬಿಳಿ ಶಿಲುಬೆಗಳು ಸಾವಿರಕ್ಕೂ ಹೆಚ್ಚು ಬಿಳಿಯ ರೈತರ ಸಮಾಧಿಗಳೆಂದು ಟ್ರಂಪ್ ವಿವರಿಸಿದರು. ಅವು 2020ರಲ್ಲಿ ಕೊಲೆಯೊಂದನ್ನು ಖಂಡಿಸಲು ಕೆಲಕಾಲ ನೆಟ್ಟಿದ್ದ ಸಾಂಕೇತಿಕ ಶಿಲುಬೆಗಳು. ಸಾಕ್ಷಿಯಾಗಿ ಎತ್ತಿ ಹಿಡಿದ ಮುದ್ರಿತ ಪುಟಗಳಲ್ಲಿ ಒಂದು ಚಿತ್ರ ಕಾಂಗೋದ್ದಾಗಿತ್ತು. ಬರಲು ಅನುಮತಿಯಿಲ್ಲದ ಕಾಂಗೋದವರ ಸಾವಿಗಾದರೂ ಅಮೆರಿಕದಲ್ಲಿ ಪ್ರವೇಶ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು. ತೋಟದ ಮನೆಗಳಿಗೆ ನುಗ್ಗಿ ಮಾಡುವ ಕೊಲೆಗಳು ಸುಳ್ಳಲ್ಲ, ಅವು ಭೀಕರವೂ ಹೌದು. ಆದರೆ 2024ರಲ್ಲಿ 26 ಸಾವಿರಕ್ಕೂ ಹೆಚ್ಚು ಕೊಲೆಗಳಾದ ಆ ದೇಶದಲ್ಲಿ ಅವುಗಳ ಸಂಖ್ಯೆ ಹತ್ತುಗಳಲ್ಲಿತ್ತು, ಉಳಿದ ಸತ್ತವರಲ್ಲಿ ಬಹುಪಾಲು ಕಪ್ಪುಜನರೇ. ಅವರನ್ನು ನರಮೇಧದ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದರೆ ಮೊದಲು ಅವರು ಜಮೀನು ಮಾಡಿಕೊಳ್ಳಬೇಕೇನೋ. ಅಂದಹಾಗೆ, ಆ ಸಭೆಯಲ್ಲಿ ರಾಮಫೋಸಾ ಪರವಾಗಿ ಮಾತಾಡಿದ ಅವರ ಕೃಷಿ ಸಚಿವ ಜಾನ್ ಸ್ಟೀನ್‌ಹ್ಯೂಸೆನ್ ಬಿಳಿಯರು. ನರಮೇಧ ನಡೆಸುವ ಸರ್ಕಾರ ಬಲಿಪಶುಗಳಿಗೇ ಕೃಷಿ ಖಾತೆ ಕೊಡುವುದು ನಿಜಕ್ಕೂ ಹೊಸ ಕ್ರೌರ್ಯ.

ಬಿಳಿಯರ ಈ ಸಂತ್ರಸ್ತಭಾವವನ್ನು ರಾಜಕೀಯದ ಸನ್ನೆಯಾಗಿ ಬಳಸಲಾಗುತ್ತಿದೆಯೆಂದು ಬಹಿರಂಗವಾಗಿ ಹೇಳಿದ ದಕ್ಷಿಣ ಆಫ್ರಿಕಾದ ರಾಯಭಾರಿ ಇಬ್ರಾಹಿಂ ರಸೂಲ್ ಅವರನ್ನು ಮಾರ್ಚ್‌ನಲ್ಲೇ ಅಮೆರಿಕದಿಂದ ಹೊರಹಾಕಲಾಗಿತ್ತು. ಬಾಲ್ಯದಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್‌ನಿಂದ ಒಕ್ಕಲೆದ್ದ ಕುಟುಂಬ ಅವರದು. ಹೊರಹಾಕಿಸಿಕೊಳ್ಳುವುದರಲ್ಲಿ ಪೂರ್ವಾನುಭವ ಇದ್ದವರನ್ನೇ ಆರಿಸಿದ್ದು ಆಡಳಿತದ ಜಾಣತನ.

ಇದನ್ನೆಲ್ಲ ಓದಿ ನಗುವ ಹಕ್ಕು ನಮಗಿದೆಯೇ ಎಂಬುದು ಬೇರೆ ಪ್ರಶ್ನೆ. 2019ರ 103ನೆಯ ತಿದ್ದುಪಡಿಯ ಮೂಲಕ ನಾವೂ ಶೇ. 10 ಮೀಸಲಾತಿ ತಂದು, ವರ್ಷಕ್ಕೆ 8 ಲಕ್ಷ ರೂಪಾಯಿಯೊಳಗಿನ ಆದಾಯದವರನ್ನು ಬಡವರೆಂದು ಕರೆದು, ಆ ಬಡತನದಿಂದ ಪರಿಶಿಷ್ಟರನ್ನೂ ಹಿಂದುಳಿದವರನ್ನೂ ಹೊರಗಿಟ್ಟಿದ್ದೇವೆ. ಮೀಸಲಾತಿಯಿಂದ ದೇಶವೇ ಹಾಳಾಯಿತೆಂದು ಜಗಲಿಯ ಮೇಲೆ ಕುಳಿತು ದಶಕಗಟ್ಟಲೆ ಗೊಣಗಿದವರು ಮರುದಿನವೇ ಆದಾಯ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿಯಲ್ಲಿ ಸಾಲು ನಿಂತದ್ದನ್ನು ಕಂಡವರಿಗೆ ಪ್ರಿಟೋರಿಯಾದಲ್ಲಿ ಅಮೆರಿಕದ ಆಶ್ರಯ ಬೇಡುವವರ ಸಾಲು ಅಪರಿಚಿತವೆನಿಸದು.

2025ರ ಅಕ್ಟೋಬರಿನಲ್ಲಿ ಅಮೆರಿಕ ವರ್ಷದ ನಿರಾಶ್ರಿತರ ಮಿತಿಯನ್ನು 1,25,000ದಿಂದ 7,500ಕ್ಕೆ ಇಳಿಸಿ, ಅದರ ಬಹುಪಾಲನ್ನು ಆಫ್ರಿಕಾನರ್‌ಗಳಿಗೆ ಮೀಸಲಿಟ್ಟಿತು. ಇಲ್ಲೊಂದು ಸಣ್ಣ ತೊಡಕಿದೆ. ರಾಯಭಾರ ಕಚೇರಿ ಪ್ರಕಟಿಸಿದ ಅರ್ಹತೆಯಂತೆ ಅರ್ಜಿದಾರರು ಆಫ್ರಿಕಾನರ್ ಆಗಿರಬೇಕು, ಇಲ್ಲವೇ ದಕ್ಷಿಣ ಆಫ್ರಿಕಾದ ಯಾವುದಾದರೂ ಜನಾಂಗೀಯ ಅಲ್ಪಸಂಖ್ಯಾತ ಗುಂಪಿಗೆ ಸೇರಿರಬೇಕು. 1860ರಿಂದ ನತಾಲಿನ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ವಂಶಸ್ಥರು ಅಲ್ಲಿ ಶೇ. 3ಕ್ಕೂ ಕಡಿಮೆ ಇರುವುದರಿಂದ, ಅಕ್ಷರಶಃ ಓದಿದರೆ ಅವರೂ ಅರ್ಹರೇ. ಡರ್ಬನ್ನಿನ ನಾಯ್ಡುಗಳೂ ಪಿಳ್ಳೆಗಳೂ ಅರ್ಜಿ ಹಿಡಿದು ಬಂದರೆ ಕಚೇರಿ ಯಾವ ಪರೀಕ್ಷೆ ಒಡ್ಡೀತು? ವರ್ಣಭೇದದ ಕಾಲದಲ್ಲಿ ಯಾರದಾದರೂ ಜನಾಂಗದ ಬಗ್ಗೆ ಅನುಮಾನ ಬಂದಾಗ ಅವರ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಜಾರಿ ಬಿದ್ದರೆ ಬಿಳಿಯರೆಂದೂ ನಿಂತರೆ ಅಲ್ಲವೆಂದೂ ತೀರ್ಮಾನಿಸುತ್ತಿದ್ದರು. ನಮ್ಮವರ ಎಣ್ಣೆ ಹಚ್ಚಿದ ನೇರ ಕೂದಲಿನಲ್ಲಿ ಪೆನ್ಸಿಲ್ ನಿಲ್ಲುವ ಭರವಸೆಯಿಲ್ಲದ್ದರಿಂದ, ಅಮೆರಿಕದ ಅಧಿಕಾರಿಗಳು ಈ ಬಾರಿ ಬೇರೆ ಉಪಕರಣವನ್ನೇ ಹುಡುಕಿಕೊಳ್ಳಬೇಕಾದೀತು.