ಒಂದು ಸಲ ಒತ್ತಿದರೆ ನಾಲ್ಕು ರಾಮ

ಅಮ್ಮನ ಜಪಮಾಲೆಯ ದಾರ ಸವೆದು ಹರಿಯೋ ಹಾಗಾಗಿತ್ತು. ಬೇರೆ ದಾರ ಹಾಕಿ ಪೋಣಿಸಿಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನು ಸುಮ್ನಿರಬೇಕಲ್ಲ? "ಬಟನ್ ಒತ್ತಿದ್ರೆ ಲೆಕ್ಕ ಇಡೋ ಮಿಷನ್ ಮಾಡಿಕೊಡ್ತೀನಿ ಬಿಡಮ್ಮ" ಅಂದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಆರ್ಡುಯಿನೋ (ನಾವು ಬರೆದ ಕೋಡಿನಂತೆ ಕುಣಿಯೋ ಚಿಕ್ಕ ಕಂಪ್ಯೂಟರ್ ಬೋರ್ಡು), ಬ್ರೆಡ್‌ಬೋರ್ಡ್ (ವೈರು ಚುಚ್ಚಿ ಜೋಡಿಸೋ ತೂತುತೂತಿನ ಹಲಗೆ), ಪುಟ್ಟ ಡಿಸ್‌ಪ್ಲೇ, ಹತ್ತು ಪುಶ್ ಬಟನ್ ತಂದೆ. ಬೇಕಿದ್ದದ್ದು ಒಂದೇ ಬಟನ್. ನನ್ನ ಕೈಗುಣ ನನಗೆ ಗೊತ್ತು, ಅದಕ್ಕೇ ಹತ್ತು.

ಬಟನ್ನಿಗೆ ನಾಲ್ಕು ಕಾಲು, ಅದೂ ಡೊಂಕು. ಮೆತ್ತಗೆ ಒತ್ತಿದರೆ ತೂತಿಗೆ ಇಳಿಯಲ್ಲ. ಜೋರಾಗಿ ಒತ್ತಿದರೆ ಮಿಡತೆ ಹಾಗೆ ಚಿಮ್ಮಿ ಮಂಚದ ಕೆಳಗೆ. ಮೂರನೆಯದು ಹೇಗೋ ಬೋರ್ಡಿನ ನಡುವಿನ ಕಾಲುವೆಯ ಆಚೆ ಎರಡು, ಈಚೆ ಎರಡು ಕಾಲೂರಿ ಕೂತಿತು. ಆಚೆ ಒಂದು ವೈರು, ಅದರ ಎದುರಿಗೇ ಈಚೆ ಒಂದು ವೈರು ಚುಚ್ಚಿದೆ. ಬಟನ್ ಮುಟ್ಟುವ ಮೊದಲೇ ಲೆಕ್ಕ ಸಾವಿರ ದಾಟಿತು! ಎದುರುಬದುರಿನ ಕಾಲುಗಳು ಒಳಗೊಳಗೇ ಒಂದಾಗಿರುತ್ತವಂತೆ, ನಮ್ಮ ನೆಂಟರ ಹಾಗೆ. ಮೂಲೆಯಿಂದ ಮೂಲೆಗೆ ಕೊಟ್ಟರೆ ಮೋಸವಿಲ್ಲ.

ಹಾಗೇ ಕೊಟ್ಟೆ. ಈಗ ಬಟನ್ ಒತ್ತುವುದೇ ಬೇಡ, ಕೈ ಹತ್ತಿರ ತಂದರೆ ಸಾಕು, ಎಣಿಸುತ್ತದೆ. ಅಮ್ಮ ನೋಡಿ, "ದೃಷ್ಟಿ ತೆಗೀಲೇನೋ?" ಅಂದರು. ದೃಷ್ಟಿಯಲ್ಲ, ಕರೆಂಟಿಗೆ ತಡೆ ಒಡ್ಡೋ ರೆಸಿಸ್ಟರ್ ಮರೆತಿದ್ದೆ. ಬಟನ್ ಬಿಟ್ಟಾಗ, ಅದರ ವೈರು ಹೋಗಿ ಸೇರುವ ಆರ್ಡುಯಿನೋ ಪಿನ್ ಯಾವುದಕ್ಕೂ ಅಂಟದೆ ತೇಲುತ್ತದೆ, ಮನೆಯ ಕರೆಂಟಿನ ಗದ್ದಲಕ್ಕೆಲ್ಲ ಕಿವಿ ಕೊಡುತ್ತದೆ. ಕಂದು, ಕಪ್ಪು, ಕಿತ್ತಳೆ ಪಟ್ಟಿಯ 10 ಕಿಲೋ ಓಮ್ ರೆಸಿಸ್ಟರ್ ಒಂದನ್ನು ಪಿನ್ನಿನಿಂದ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ, ಹಾಕಿದ ಮೇಲೆ ತೆಪ್ಪಗಾಯಿತು. ಬಟನ್ ಒತ್ತಿ ಹಿಡಿದರೂ ಒಂದೇ ಅಂತ ಎಣಿಸುವ ಹಾಗೆ ಕೋಡನ್ನೂ ತಿದ್ದಿದೆ.

ಮರುದಿನ ಬೆಳಗ್ಗೆ ಅಮ್ಮ ದೇವರ ಮನೆಗೆ ಹೋದವರು ಕಾಫಿ ಕುದಿಯೋ ಮೊದಲೇ ಎದ್ದು ಬಂದರು.

"ನೂರೆಂಟು ಆಗೋಯ್ತು ಕಣೋ. ಬಾಯಲ್ಲಿ ಮೂವತ್ತೂ ಹೇಳಿಲ್ಲ."

ಒಂದು ಸಲ ಒತ್ತಿದರೆ ಮೂರು, ನಾಲ್ಕು ರಾಮ! ಒಳಗಿನ ಲೋಹದ ತಗಡು ಒಂದೇ ಏಟಿಗೆ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡು ಕುಣಿಯುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಕುಣಿತವನ್ನೆಲ್ಲ ಆರ್ಡುಯಿನೋ ಭಕ್ತಿಯಿಂದ ಲೆಕ್ಕಕ್ಕೆ ಹಾಕಿಕೊಳ್ಳುತ್ತಿತ್ತು. ನನಗಾದರೆ ಇದು ಲಾಭವೇ ಅನ್ನಿಸಿತು. ಅಮ್ಮನಿಗೆ ಪುಕ್ಕಟೆ ಪುಣ್ಯ ಬೇಡವಂತೆ. ಒಮ್ಮೆ ಎಣಿಸಿದ ಮೇಲೆ 50 ಮಿಲಿಸೆಕೆಂಡು ಬಾಯಿ ಮುಚ್ಚಿಕೊಂಡಿರು ಅಂತ ಕೋಡಿನಲ್ಲಿ ಬರೆದೆ. ಸರಿಹೋಯಿತು.

ಈಗ ಅಮ್ಮ ದಿನಾ ಎಡಗೈಯಲ್ಲಿ ಬಟನ್ ಒತ್ತುತ್ತಾರೆ. ಬಲಗೈಯಲ್ಲಿ ಹೊಸ ದಾರ ಹಾಕಿಸಿಕೊಂಡ ಜಪಮಾಲೆ.

"ಇದ್ಯಾಕಮ್ಮ ಮತ್ತೆ?" ಅಂದೆ.

"ನಿನ್ನ ಮಿಷನ್ ಲೆಕ್ಕ ಸರಿ ಇದೆಯಾ ನೋಡ್ಬೇಡ್ವೇನೋ?"